ಬಲಗಡೆಯ ಜಾಗ

“ಏನು, ತೇಪೆ ಹಾಕೋಕ್ ಬಂದ್ಯಾ?” ಜಾಲರಿ ಬಾಗಿಲಿನ ಒಳಗಿಂದಲೇ ನೆಟ್ಟಿ ಕೇಳಿದಳು.

ಡೆಲ್ಮರ್ ಕೈಯಲ್ಲಿದ್ದದ್ದು ನಿಜಕ್ಕೂ ತೇಪೆಯೇ: ರೆಕ್ಕೆ ಬಿಚ್ಚಿದ ಕೊಕ್ಕರೆಯ ಕಸೂತಿಯಿದ್ದ, ಊಟದ ತಟ್ಟೆಯಷ್ಟಗಲದ ಬೈಕ್ ಕ್ಲಬ್ಬಿನ ಲಾಂಛನ. ಒಂಬತ್ತು ವರ್ಷದ ಹಿಂದೆ ನೆಟ್ಟಿಯ ಗಂಡ ರಾಸ್ಕೊನ ಚರ್ಮದ ಜಾಕೀಟಿನ ಬೆನ್ನಿನಿಂದ ಅದರ ಹೊಲಿಗೆ ಬಿಚ್ಚಿದ್ದವನೂ ಅವನೇ. ಇವತ್ತು ಹನ್ನೊಂದಕ್ಕೆ ರಾಸ್ಕೊನ ಮಣ್ಣು.

“ಅವನ ಜೊತೆ ಹೋಗ್ಲಿ ಅಂತ ತಂದೆ. ಸೂಜಿ ದಾರಾನೂ ತಂದಿದೀನಿ.”

“ಕ್ಲಬ್ಬಿನೋರು ಒಪ್ಪಿದ್ರಾ?”

“ಕೇಳ್ಲಿಲ್ಲ.”

“ಅಬ್ಬಾ, ಈಗ ಬಂತಾ ಧೈರ್ಯ!” ಎನ್ನುತ್ತ ಅವಳು ಚಿಲಕ ತೆಗೆದಳು.

ಅಡುಗೆಮನೆಯ ಕುರ್ಚಿಯ ಮೇಲೆ ಜಾಕೀಟು ನೇತಾಡುತ್ತಿತ್ತು. ಬಿಸಿಲಿಗೆ ಬೆನ್ನೆಲ್ಲ ಬೂದುಬಣ್ಣಕ್ಕೆ ತಿರುಗಿತ್ತು. ಲಾಂಛನ ಇದ್ದ ನಡುಜಾಗ ಮಾತ್ರ ಉಳಿದದ್ದಕ್ಕಿಂತ ಕಪ್ಪಗೆ, ದುಂಡಗೆ ಉಳಿದಿತ್ತು.

ತೊಂಬತ್ತು ದಿನ ಓಡುವ ಬೈಕಿಲ್ಲದವನು ಕ್ಲಬ್ಬಿನಲ್ಲಿರುವಂತಿಲ್ಲ. ಆ ವರ್ಷ ನೆಟ್ಟಿಯ ಕ್ಯಾನ್ಸರ್ ಚಿಕಿತ್ಸೆಗೆಂದು ರಾಸ್ಕೊ ಬೈಕು ಮಾರಿದ್ದ. “ಯಾರಿಗೂ ಹೇಳ್ಬೇಡ ಕಣೋ, ಅಯ್ಯೋ ಪಾಪ ಅಂತಾರೆ” ಎಂದು ಡೆಲ್ಮರನಿಂದ ಮಾತು ತೆಗೆದುಕೊಂಡಿದ್ದ. ಸಭೆಯಲ್ಲಿ ಮಾತ್ರ ವಾರವಾರವೂ ಒಂದೇ ರಾಗ: “ಪಾರ್ಟ್ ಬರ್ಬೇಕು, ಮುಂದಿನ್ ವಾರ ಗ್ಯಾರಂಟಿ.” ಕೊನೆಗೆ ಮತಕ್ಕೆ ಬಂತು. ಹೊರಹಾಕಬೇಕಾದರೆ ಎಲ್ಲರೂ ಕೈ ಎತ್ತಬೇಕು. ಒಂದು ಕೈ ಕೆಳಗಿದ್ದರೂ ಅವನು ಉಳಿಯುತ್ತಿದ್ದ. ಡೆಲ್ಮರ್ ಕೊಟ್ಟ ಮಾತು ಉಳಿಸಿಕೊಂಡ, ಕೈಯನ್ನೂ ಎತ್ತಿದ. ಅಷ್ಟಕ್ಕೇ ಬಿಡಲಿಲ್ಲ. ಎಲ್ಲರ ದನಿಯನ್ನೂ ಅಣಕಿಸಿ ತೆಗೆಯುವ ಚಪಲ ಅವನಿಗೆ. ರಾಸ್ಕೊನ ಎದುರೇ ಅವನ ಮೂಗುದನಿಯಲ್ಲಿ, “ಪಾರ್ಟ್ ಬರ್ಬೇಕು, ಮುಂದಿನ್ ವಾರ ಗ್ಯಾರಂಟಿ” ಎಂದ. ಹದಿನಾಲ್ಕು ಜನ ಬಿದ್ದು ಬಿದ್ದು ನಕ್ಕರು. ರಾಸ್ಕೊನೂ ನಕ್ಕ.

ಹೊರಹಾಕಿದವನ ಜೊತೆ ಮಾತು ಕೂಡದು ಎಂಬುದೂ ನಿಯಮವೇ. ಡೆಲ್ಮರನ ಮನೆಯಿಂದ ಇಲ್ಲಿಗೆ ಏಳೇ ಮೈಲಿ; ಒಂಬತ್ತು ವರ್ಷ ಅವನು ಬಂದಿರಲಿಲ್ಲ.

“ದಿನಾ ಹಾಕ್ಕೋತಿದ್ದ,” ಎಂದಳು ನೆಟ್ಟಿ. “ಹುಲ್ಲು ಕತ್ತರಿಸೋ ಗಾಡಿ ಮೇಲೂ ಇದನ್ನೇ ಹಾಕ್ಕೊಂಡು, ಎದೆ ಉಬ್ಬಿಸ್ಕೊಂಡು ಕೂರ್ತಿದ್ದ, ಮಹಾರಾಯ.”

ಡೆಲ್ಮರ್ ಸೂಜಿಗೆ ದಾರ ಪೋಣಿಸಿದ. “ಹೊಲೀಲಾ?”

“ಬೇಡ. ಆ ಕರೀ ಗುರುತು ಅವಂದು. ಅದರ ಜೊತೇಲೇ ಹೋಗ್ಲಿ. ನೀನು ಬಿಚ್ಚಿದ್ದು ನಿಂದು. ಇಟ್ಕೋ.”

ಅವನು ಎದ್ದು ನಿಂತ. ಅವಳು ಬಾಗಿಲು ತೆರೆಯಲಿಲ್ಲ.

“ಅವನ ದನಿ ತೆಗೀತಿದ್ಯಲ್ಲ, ಒಂದ್ಸಲ ತೆಗಿ. ನಂಗೆ ಆಗ್ಲೇ ಮರೆತ್ಹೋಗ್ತಿದೆ.”

ಡೆಲ್ಮರ್ ಗಂಟಲು ಸರಿಮಾಡಿಕೊಂಡ. ಬೇರೇನಾದರೂ ನೆನಪಾಗಲಿ ಎಂದು ಕಾದ. ಆಗಲಿಲ್ಲ.

“ಪಾರ್ಟ್ ಬರ್ಬೇಕು,” ಎಂದ ಮೂಗಿನಲ್ಲಿ, “ಮುಂದಿನ್ ವಾರ ಗ್ಯಾರಂಟಿ.”

ನೆಟ್ಟಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಹ್ಞೂ. ಥೇಟ್ ಹಾಗೇ,” ಎಂದಳು.

ಹನ್ನೊಂದಕ್ಕೆ ಶವದ ಕಾರಿನ ಹಿಂದೆ ಒಂದೇ ಒಂದು ಬೈಕು ಹೊರಟಿತು. ಡೆಲ್ಮರ್ ತನ್ನ ಲೇನಿನ ಎಡ ಅರ್ಧದಲ್ಲೇ ಓಡಿಸಿದ. ಕ್ಲಬ್ಬಿನ ಸವಾರಿಗಳಲ್ಲಿ ರಾಸ್ಕೊ ಜೋಡಿಯಾಗಿ ಬರುತ್ತಿದ್ದ ಬಲ ಅರ್ಧ ಖಾಲಿಯಿತ್ತು. ಹಿಂದಿನ ಹಾಲಿನ ಲಾರಿ ಎರಡು ಸಲ ಹಾರ್ನ್ ಹೊಡೆದು ಸುಮ್ಮನಾಯಿತು. ಕೆಂಪು ದೀಪಕ್ಕೆ ನಿಂತಾಗ ಅವನು ಬಲಕ್ಕೆ ತಿರುಗಿ, ಹಳೇ ರೂಢಿಯಂತೆ, ಪೆಟ್ರೋಲ್ ಸಾಕಾ ಎಂದು ಟ್ಯಾಂಕಿನತ್ತ ಬೆರಳು ತೋರಿಸಿದ.