ಪಾದ್ರಿಗಳ ತಟ್ಟೆಯ ಪಾಲು

ಗಂಡನಿಗೆಂದು ಮನೆಯಿಂದ ತಂದಿದ್ದ ಡಬ್ಬಿಯ ಮುಚ್ಚಳವನ್ನು ಪೆನಿನಾ ತೆಗೆದಳೋ ಇಲ್ಲವೋ, ಪಾದ್ರಿಗಳ ಹೆಂಡತಿ, ಊರವರ ಪಾದ್ರಿ ಅಮ್ಮ, ಬಂದು ಒಳಗೆ ಇಣುಕಿದರು.

"ಏನೇ ಇದು, ಬೀಫ್ ಫ್ರೈನಾ? ಗಂಡನ್ನ ಕೊಲ್ಲೋಕೆ ಹೊರಟಿದೀಯಾ?"

ಚಾಪೆಯ ಮೇಲೆ ಸಾಲಾಗಿ ಕೂತಿದ್ದವರೆಲ್ಲ ನಕ್ಕರು. ಭಾನುವಾರದ ಪ್ರಾರ್ಥನೆ ಮುಗಿದು, ಊರಿನ ಮುಖಂಡರು ಪಾದ್ರಿಗಳ ಮನೆಯಲ್ಲಿ ಊಟಕ್ಕೆ ಕೂರುವ ಹೊತ್ತು. ಆ ಸಾಲಿನಲ್ಲಿ ಅವಳ ಗಂಡ ಎತುವಾತಿಗೆ ಜಾಗ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ.

ಊರವರ ಮೈ ಇಳಿಸಲೇಬೇಕೆಂದು ಹಠ ತೊಟ್ಟಿದ್ದ ಪಾದ್ರಿ ಅಮ್ಮ ಕಂಬಕ್ಕೊಂದು ಕರಿಹಲಗೆ ಒರಗಿಸಿದ್ದರು. ಒಂದು ಕಡೆ ಸಲಾಡ್, ಇನ್ನೊಂದು ಕಡೆ ಬೀಫ್ ಫ್ರೈ. ಕೊಬ್ಬು, ಉಪ್ಪು, ನಾರು, ವಿಟಮಿನ್. ಎಲ್ಲದರಲ್ಲೂ ಸಲಾಡೇ ಗೆದ್ದಿತ್ತು. ಕಿಡ್ನಿ ಕೆಟ್ಟ ಗಂಡನಿಗೆ ಇದು ಹೆಚ್ಚಾದರೆ ವಿಷ ಎಂದು ಅಪಿಯಾ ಆಸ್ಪತ್ರೆಯ ನರ್ಸ್ ಬಾಯಿಪಾಠ ಮಾಡಿಸಿದ್ದ ಪೊಟ್ಯಾಸಿಯಂ ಎಂಬ ಹೆಸರನ್ನು ಪೆನಿನಾ ಹಲಗೆಯ ಮೇಲೆ ಹುಡುಕಿದಳು. ಇರಲಿಲ್ಲ.

ಡಬ್ಬಿಯಲ್ಲಿದ್ದದ್ದು ಆರು ಚೂರು ಮಾಂಸ, ಆ ಪೊಟ್ಯಾಸಿಯಂ ಇಳಿಯಲೆಂದು ಎರಡು ಸಲ ಬೇಯಿಸಿ ನೀರು ಬಸಿದು ಚೆಲ್ಲಿದ ಎಲೆಕೋಸು. ಪಾದ್ರಿ ಅಮ್ಮ ಎತುವಾತಿಯ ಮುಂದಿಟ್ಟದ್ದು ಹಸಿ ಸೊಪ್ಪು, ಟೊಮ್ಯಾಟೊ, ಪರಂಗಿ, ಜೊತೆಗೆ ದೊಡ್ಡದೊಂದು ಬೆಣ್ಣೆಹಣ್ಣು. ಪಾದ್ರಿಗಳ ತಟ್ಟೆಯಿಂದಲೇ ತೆಗೆದು ತಂದ ಪಾಲು. ಅಂಥದ್ದನ್ನು ಈ ಊರಲ್ಲಿ ಯಾರೂ ಹಿಂದಕ್ಕೆ ಕೊಟ್ಟವರಿಲ್ಲ.

"ಅಮ್ಮಾವ್ರೇ," ಅಂದಳು ಪೆನಿನಾ. "ಇವ್ರಿಗೆ ಹಸೀದು ಕೊಡಬಾರ್ದು ಅಂದಿದಾರೆ. ಇನ್ನು ರಕ್ತ ತೊಳೆಯೋದು ಮಂಗಳವಾರಾನೇ. ಅಲ್ಲೀವರೆಗೂ ಇದರಲ್ಲಿರೋ ಪೊಟ್ಯಾಸಿಯಂ ಮೈಯಲ್ಲೇ ಉಳಿಯುತ್ತಂತೆ. ಎದೆ ನಿಂತೇ ಹೋಗಬಹುದಂತೆ."

ನಗು ನಿಂತಿತು.

"ಸೊಪ್ಪು ತಿಂದು ಸತ್ತೋರನ್ನ ನಾನಂತೂ ಕಂಡಿಲ್ಲಮ್ಮ," ಅಂದರು ಪಾದ್ರಿ ಅಮ್ಮ. ಮುಖ ಚಿಕ್ಕದಾಗಿತ್ತು. "ಬೇಡಾಂದ್ರೆ ತಗೊಂಡು ಹೋಗ್ತೀನಿ."

ಎತುವಾತಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ನರ್ಸ್ ಹೇಳಿಕೊಡುವಾಗ ಅವನೂ ಪಕ್ಕದಲ್ಲೇ ಕೂತಿದ್ದವನು.

"ಇವಳ ಮಾತು ಬಿಡಿ ಅಮ್ಮಾವ್ರೇ. ಆಸ್ಪತ್ರೆಗೆ ಓಡಾಡಿ ಓಡಾಡಿ ಅರ್ಧ ಡಾಕ್ಟ್ರಾಗಿದಾಳೆ. ಇನ್ನರ್ಧ ಆಗೋದ್ರೊಳಗೆ ನಾನು ಊಟ ಮುಗಿಸ್ತೀನಿ."

ಈ ಸಲ ನಗು ಇನ್ನೂ ಜೋರಾಗಿ ಎದ್ದಿತು. ಹೆಂಡತಿಯ ಕಡೆ ನೋಡದೆ ಅವನು ಒಂದೊಂದಾಗಿ ತಿಂದ. ಕೊನೆಗೆ ಬೆಣ್ಣೆಹಣ್ಣಿನ ಸಿಪ್ಪೆಯನ್ನೂ ಚಮಚದಿಂದ ಕೆರೆದ.

ಮಧ್ಯಾಹ್ನ ಊರೆಲ್ಲ ಮಲಗಿತ್ತು. ಎತುವಾತಿಯೂ ಮನೆಯ ಚಾಪೆಯ ಮೇಲೆ ಉರುಳಿದ್ದ.

"ತುಟಿ ಯಾಕೋ ಜುಮ್ ಅಂತಿದೆ ಕಣೇ."

"ಏಳ್ರೀ. ಆಸ್ಪತ್ರೆಗೆ ಹೋಗೋಣ."

"ಪಾದ್ರಿ ಅಮ್ಮ ಕೊಟ್ಟಿದ್ದು ತಿಂದು ಆಸ್ಪತ್ರೆ ಸೇರಿದ ಅಂತ ಊರು ಆಡಿಕೊಳ್ಬೇಕಾ? ಸುಮ್ನಿರು." ಅವನು ಕಣ್ಣು ಮುಚ್ಚಿದ.

ಪೆನಿನಾ ಗಾಳಿ ಹಾಕುತ್ತ ಕೂತಳು. ಸ್ವಲ್ಪ ಹೊತ್ತಿಗೆ ಬೀಸಣಿಗೆ ನಿಲ್ಲಿಸಿ, ಅವನ ಅಂಗಿಯ ಮೇಲಿನ ಗುಂಡಿಯನ್ನೇ ನೋಡಿದಳು. ಉಸಿರಿಗೆ ಅದು ಏಳಬೇಕಿತ್ತು. ಎದ್ದಿತು. ಮತ್ತೆ ಬೀಸತೊಡಗಿದಳು. ನಾಲ್ಕು ಸಲ ಬೀಸಿ, ಮತ್ತೆ ನಿಲ್ಲಿಸಿದಳು.