ವೈರಸ್ಸಿನ ವಿಳಾಸ

"ಏಯ್, ಅದನ್ನ ಮುಟ್ಟಬೇಡ ಕಣೇ ಮುಂಡೇದೆ! ನಿಮ್ಮೋರ ಕೈ ತಾಗಿದ್ರೆ ವೈರಸ್ ಬರುತ್ತೆ!"

ಲಕ್ಷ್ಮೀಪುರಂ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಬಿಂದುಮಾಧವರಿಗೆ ವೈರಸ್ ಎಂದರೇನೆಂದು ಗೊತ್ತಿರಲಿಲ್ಲ. ಎಲ್ಲಿಂದ ಬರುತ್ತದೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು: ದಲಿತರ ಕೇರಿಯಾದ ಅಶೋಕಪುರಂನಿಂದ.

ಒಂಬತ್ತನೇ ಕ್ಲಾಸಿನ ಚಾಮುಂಡೇಶ್ವರಿ ಕೈ ಹಿಂದೆಳೆದುಕೊಂಡು ಪೊರಕೆ ಹಿಡಿದಳು. ಕಸ ಗುಡಿಸಲು ಅವಳು ಕಂಪ್ಯೂಟರ್ ಕೋಣೆಯೊಳಗೆ ಬರಬಹುದಿತ್ತು. ಆಗ ವೈರಸ್ಸಿಗೆ ರಜೆ.

ಹಿಂದುಳಿದ ಮಕ್ಕಳು ಕಲಿಯಲೆಂದು ಯಾರೋ ದಾನಿಗಳು ಕೊಟ್ಟ ಕಂಪ್ಯೂಟರುಗಳು ಅವು. ಮಕ್ಕಳನ್ನು ಹಿಂದೆಯೇ ಉಳಿಸುವ ಕೆಲಸವನ್ನು ಮೇಷ್ಟ್ರು ಭಕ್ತಿಯಿಂದ ಮಾಡುತ್ತಿದ್ದರು. ಗೋಡೆಯ ಮೇಲೆ 'ಇಂಟರ್‌ನೆಟ್ಟಿನಲ್ಲಿ ಪಾಠ' ಎಂದು ಬರೆಸಿದ್ದರು. ನೆಟ್ಟಿನಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಅವರ ಮಗಳಿಗೆ ವರ ಹುಡುಕುವುದೊಂದೇ.

ಅವತ್ತು ಆ ದಾನಿ ಸಾಹೇಬರು ಫೋಟೋದವನ ಜೊತೆ ಬರುವವರಿದ್ದರು. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಒಂದು ಅಶೋಕಪುರಂನ ಮುಖ ಬೇಕಾಯಿತು.

"ಬಾರಮ್ಮ, ಕೂತ್ಕೊ."

ಮುಂಡೇದು ಒಂದೇ ಗಳಿಗೆಯಲ್ಲಿ ಅಮ್ಮನಾಗಿತ್ತು.

"ಇದು ಮೌಸು. ಮೇಲೆ ಕೈ ಇಟ್ಟ ಹಾಗೆ ಮಾಡು. ತಾಗಿಸ್ಬೇಡ."

"ತಾಗಿಸ್ದೆ ಎಂಗ್ ಸಾ ಕಲಿಯದು?"

"ಕಲಿಯೋಕಲ್ಲ ಕಣೇ, ಫೋಟೋಗೆ!"

ಸಾಹೇಬರು ಬಂದರು. "ಏನಮ್ಮಾ, ಏನೇನ್ ಕಲಿತೆ?"

"ನೆಟ್ಟಲ್ಲೇ ವಿಜ್ಞಾನ ಪೂರ್ತಿ ನೋಡ್ಬಿಟ್ಟಿದಾಳೆ ಸಾರ್," ಎಂದರು ಮೇಷ್ಟ್ರು.

"ಸುಳ್ಳು ಸಾ. ನಂಗೆ ಇದ್ರ ಧೂಳು ಒರಸದು ಕಲ್ಸವ್ರೆ."

"ಚೂಟಿ ಇದಾಳಲ್ರೀ!" ಎಂದು ಸಾಹೇಬರು ನಕ್ಕರು. ಆ ನಗು ಫೋಟೋದಲ್ಲಿ ಚೆನ್ನಾಗಿ ಬಂತು. ಆಮೇಲೆ ಅವರು ಉಪ್ಪಿಟ್ಟಿನ ವಾಸನೆ ಹಿಡಿದು ಸ್ಟಾಫ್ ರೂಮಿನ ಕಡೆ ನಡೆದರು.

ಮೇಷ್ಟ್ರು ಹಲ್ಲು ಕಚ್ಚಿದರು. "ಮಾನ ತೆಗೆದ್ಯಲ್ಲೇ ದರಿದ್ರದೋಳೆ! ಏಳೇ ಮೇಲೆ!"

ಚಾಮುಂಡೇಶ್ವರಿ ಅಂಗೈಯನ್ನು ಮೌಸಿನ ಮೇಲೆ ಪೂರ್ತಿ ಊರಿದಳು. ಪರದೆಯ ಮೇಲೆ ಬಾಣವೊಂದು ಓಡಿತು. ಅವಳು ಕೈ ತಿರುಗಿಸಿದ ಕಡೆಗೇ ಅದೂ ತಿರುಗಿತು.

"ಬಿಡೇ ಅದನ್ನ!"

"ಬುಡಕ್ಕಿಲ್ಲ. ಅದೇನ್ ಕಿತ್ಕತೀರೋ ಕಿತ್ಕಳಿ ಸಾ."

ಕಿತ್ತುಕೊಳ್ಳಬೇಕಾದರೆ ಅವಳ ಕೈ ಹಿಡಿಯಬೇಕಿತ್ತು. ಚಾಚಿದ ಕೈಯನ್ನು ಮೇಷ್ಟ್ರು ಅರ್ಧದಲ್ಲೇ ನಿಲ್ಲಿಸಿ ಬಾಗಿಲ ಕಡೆ ತಿರುಗಿದರು.

"ರುದ್ರಸ್ವಾಮೀ! ಎಲ್ಲಿ ಸತ್ತ್ಯೋ ಜವಾನ? ಮೈನ್ ಸ್ವಿಚ್ ಆಫ್ ಮಾಡೋ!"

ಯಾರೂ ಓಗೊಡಲಿಲ್ಲ. ಚಾಮುಂಡೇಶ್ವರಿ ಮೌಸನ್ನು ಒತ್ತಿದಳು. ಪರದೆಯಲ್ಲಿ ಒಂದು ಕಿಟಕಿ ತೆರೆಯಿತು. ಅವಳು ಮತ್ತೊಮ್ಮೆ ಒತ್ತಿದಳು.