ಮಂಜುಗಡ್ಡೆಯ ದಾರಿ ತೆರೆದಿದೆಯೇ

ಶವಸಂಸ್ಕಾರಕ್ಕೆಂದು ತೊಟ್ಟ ಕಪ್ಪು ಕೋಟಿನಲ್ಲೇ ಹೆಲ್ದುರ್ ದ್ವೀಪದ ಗ್ರಂಥಾಲಯದಲ್ಲಿ ಸರ್ವರ್ ಇಟ್ಟಿದ್ದ ಬೀರುವಿನೊಳಗೆ ತಲೆ ತೂರಿಸಿ ಕೀಲಿಮಣೆ ಎಳೆದುಕೊಂಡ. ನೆರೆಮನೆಯ ಸಾಲ್ಮೆ ಅವನ ಕಿವಿಗೆ ಫೋನು ಹಿಡಿದಿದ್ದಳು. ಆಸ್ಪತ್ರೆಯ ಊರಿನಿಂದ ತೀರಿಕೊಂಡ ಅವನ ಹೆಂಡತಿ ಮೈಮುವಿನ ತಮ್ಮ ಆರ್ವೊ ಮಾತನಾಡುತ್ತಿದ್ದ.

"ಭಾವ, ದಾರಿ ತೆರೆದಿದೆಯಲ್ಲ. ಅಕ್ಕನ್ನ ಗಾಡಿಗೆ ಏರಿಸಿದ್ವಿ, ಇನ್ನೇನು ಹೊರಟ್ವಿ."

"ದಾರಿಯ ವೆಬ್ ಪುಟದಲ್ಲಿ ಏನಂತ ಇದೆ, ಓದು."

"'ಕೆಲಸ ಮಾಡುತ್ತಿದೆ' ಅಂತ."

ಕೆಲಸ ಮಾಡುತ್ತಿದ್ದದ್ದು ಪುಟವನ್ನು ತೋರಿಸುವ ಯಂತ್ರ, ಸರ್ವರ್; ಹೆಪ್ಪುಗಟ್ಟಿದ ಸಮುದ್ರದ ಮೇಲಿನ ದಾರಿಯಲ್ಲ. ಬೆಳಿಗ್ಗೆ ಹೆಲ್ದುರನೇ ಅಳೆದಿದ್ದ. ಮಂಜುಗಡ್ಡೆ ಹದಿನಾಲ್ಕು ಸೆಂಟಿಮೀಟರ್ ಇತ್ತು. ಕಾರಿಗೆ ಇಪ್ಪತ್ತೆರಡು ಬೇಕು. ಹತ್ತೊಂಬತ್ತು ಚಳಿಗಾಲ ಅವನು ಅಳೆದ, ಮೈಮು ಪುಟದಲ್ಲಿ ಬರೆದಳು. ಪಾದ್ರಿಯ ಮಾತನ್ನು ನಂಬದವರೂ ಅವಳ ಪುಟವನ್ನು ನಂಬುತ್ತಿದ್ದರು. ಇವತ್ತಾದರೂ ಅದು ಬದುಕಿರಲೆಂದು, ಅವಳು ಅರ್ಧಕ್ಕೆ ಬಿಟ್ಟುಹೋದ ಹೊಸ ಯಂತ್ರವನ್ನು ಚಾಲೂ ಮಾಡಿ ಅವನೇ ತಲೆಯ ಮೇಲೆ ಕಲ್ಲುಚಪ್ಪಡಿ ಎಳೆದುಕೊಂಡಿದ್ದ.

ಆರ್ವೊನನ್ನು ತಡೆದದ್ದಾಯಿತು. ಆದರೆ ಶವಸಂಸ್ಕಾರಕ್ಕೆ ಹೊರಟ ಉಳಿದ ಮೂವತ್ತು ಕಾರುಗಳು ಆಗಲೇ ಆಚೆ ದಡ ಸೇರುತ್ತಿದ್ದವು. ಎಲ್ಲರ ನಂಬರು ಯಾರ ಬಳಿಯೂ ಇರಲಿಲ್ಲ. ಅವರು ನೋಡುವುದು ಪುಟವನ್ನು ಮಾತ್ರ.

*

ಆಸ್ಪತ್ರೆಯಲ್ಲಿ ಮೈಮು ಅವನಿಗೆ ಪಾಠ ಹೇಳಿದ್ದಳು. ಹೊಸ ಸರ್ವರ್ ಹೊಸದಾಗಿ ಬಂದ ಕೆಲಸದವಳ ಹಾಗಂತೆ. ನಿನ್ನ ಹೆಸರೇನು, ಯಾವ ಬಾಗಿಲಲ್ಲಿ ಕಾಯಬೇಕು, ಬಂದವರನ್ನು ಯಾವ ಕೋಣೆಗೆ ಕರೆದೊಯ್ಯಬೇಕು, ಈ ಮೂರನ್ನು ಬರೆದಿಡಬೇಕಂತೆ.

"ಬರೆಯದಿದ್ರೆ?"

"'ಕೆಲಸ ಮಾಡುತ್ತಿದೆ' ಅಂತ ತನಗೆ ಗೊತ್ತಿರೋ ಒಂದೇ ಮಾತನ್ನ ಹೇಳ್ತಾ ಕೂರುತ್ತೆ. ನಿನ್ನ ಹಾಗೆ."

ಅವನು ನಕ್ಕಿದ್ದ. ಪಾಠ ಪೂರ್ತಿ ತಲೆಗೆ ಹೋಗಿರಲಿಲ್ಲ. ಅವಳು ಉಸಿರಿಗೆ ಕಷ್ಟಪಡುವುದನ್ನೇ ನೋಡುತ್ತಿದ್ದ.

*

ಬೀರುವಿನೊಳಗಿನ ಪರದೆಯಲ್ಲಿ ನೋಡಿದರೆ, ಹೆಸರನ್ನು ಅವಳೇ ಬರೆದಿಟ್ಟಿದ್ದಳು. ಬಾಗಿಲೂ ಸರಿಯಿತ್ತು. ಕೋಣೆ ಮಾತ್ರ ಯಾರದ್ದೋ. ಅದನ್ನು ಅಳಿಸಿ, ಅವಳ ಪುಟಗಳಿದ್ದ ಜಾಗದ ವಿಳಾಸವನ್ನು ಒಂದೇ ಬೆರಳಿನಲ್ಲಿ ಕುಟ್ಟಿದ. ಸರ್ವರ್ ಏಳಲೇ ಇಲ್ಲ. ಕಿಟಕಿಯಲ್ಲಿ ದುರ್ಬೀನು ಹಿಡಿದ ಸಾಲ್ಮೆ, ಎರಡು ಕಾರು ಮಂಜುಗಡ್ಡೆಯ ಅಂಚಿಗೇ ಬಂದಿವೆ ಎಂದಳು.

"ಇನ್ನೊಂದ್ಸಲ ಓದಿ ನೋಡು ಮಾರಾಯ. ಏನೋ ಒಂದಕ್ಷರ ನುಂಗಿರ್ತೀಯ."

ನುಂಗಿದ್ದ. ಸರಿಪಡಿಸಿ ಮತ್ತೆ ಎಬ್ಬಿಸಿದಾಗ ಮೈಮುವಿನ ನೀಲಿ ಪುಟ ಹಾಗೇ ಬಂದು ಎದುರು ನಿಂತಿತು. ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. 'ಮುಚ್ಚಿದೆ' ಎಂದು ಬರೆದ.

"ನಿಂತ್ರು," ಎಂದಳು ಸಾಲ್ಮೆ. "ಹಿಂದಕ್ಕೆ ತಗೋತಿದಾರೆ." ಆಮೇಲೆ ದುರ್ಬೀನು ಕೆಳಗಿಳಿಸಿ ಕೇಳಿದಳು, "ಹಾಗಾದ್ರೆ ಮೈಮು ಬರೋದು ಹೇಗೆ?"

ಪುಟ ಇಷ್ಟು ವರ್ಷ ಎರಡೇ ಮಾತು ಹೇಳಿತ್ತು, ತೆರೆದಿದೆ ಅಥವಾ ಮುಚ್ಚಿದೆ. ಹೆಲ್ದುರ್ ಮೂರನೆಯದನ್ನು ಸೇರಿಸಿದ: 'ಹದಿನಾಲ್ಕು ಸೆಂಟಿಮೀಟರ್. ಕಾರಿಗೆ ಸಾಲದು, ಕಾಲಿಗೆ ಸಾಕು. ದೂರ ದೂರ ನಡೆದು ಬನ್ನಿ.'

ಮಧ್ಯಾಹ್ನದ ಬಿಸಿಲಿಗೆ ಸಮುದ್ರ ಹೊಳೆಯುತ್ತಿತ್ತು. ಆಚೆ ದಡದಿಂದ ಈಚೆಗೆ ಕಪ್ಪು ಬಟ್ಟೆಯವರು ಹತ್ತತ್ತು ಹೆಜ್ಜೆ ಬಿಟ್ಟು ಸಾಲಾಗಿ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ, ಆರ್ವೊನ ಹೆಗಲಿನ ಹಗ್ಗದ ಹಿಂದೆ, ಜಾರುಬಂಡಿಯ ಮೇಲೆ ಮೈಮು ಬರುತ್ತಿದ್ದಳು.